ಕೇರಂ ಕಾಯಿಗಳಲ್ಲಿ ಮಂಗಳಗ್ರಹದ ಚದುರಂಗ: ಜೆಟಾನ್ ಮಾಡಿ ಆಡಿದ ಅನುಭವ

ಎಡ್ಗರ್ ರೈಸ್ ಬರೋಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಟಾರ್ಜನ್. ಟಾರ್ಜನ್ 'ಆಲ್-ಸ್ಟೋರಿ' ಪತ್ರಿಕೆಯಲ್ಲಿ ಬಂದದ್ದು 1912ರ ಅಕ್ಟೋಬರಿನಲ್ಲಿ. ಅದೇ ವರ್ಷದ ಫೆಬ್ರವರಿಯಿಂದಲೇ ಅದೇ ಪತ್ರಿಕೆಯಲ್ಲಿ ಅವನ ಮಂಗಳಗ್ರಹದ ಕಥೆ ಧಾರಾವಾಹಿಯಾಗಿ ಶುರುವಾಗಿತ್ತು. ಆ ಸರಣಿಯ ಹನ್ನೊಂದು ಪುಸ್ತಕಗಳಲ್ಲಿ ಐದನೆಯದು 'ದಿ ಚೆಸ್‌ಮೆನ್ ಆಫ್ ಮಾರ್ಸ್' (1922). ಕಥೆ ಸಾಧಾರಣ: ರಾಜಕುಮಾರಿ ತಾರಾ ಕಳೆದುಹೋಗುತ್ತಾಳೆ, ಅವಳನ್ನು ಪ್ರೀತಿಸುವ ಗಾಹನ್ ಹುಡುಕಿಕೊಂಡು ಹೋಗುತ್ತಾನೆ, ಮನಾಟೋರ್ ಎಂಬ ಊರಿನಲ್ಲಿ ಜೀವಂತ ಮನುಷ್ಯರನ್ನೇ ಕಾಯಿ ಮಾಡಿ ಆಟ ಆಡಿಸುತ್ತಾರೆ. ಆ ಪುಸ್ತಕ ನನ್ನ ಕಪಾಟಿನಲ್ಲಿ ಇನ್ನೂ ಇರುವುದು ಕೊನೆಯ ಅನುಬಂಧದ ದೆಸೆಯಿಂದ. ಅದರಲ್ಲಿ ಜೆಟಾನ್ ಆಟದ ನಿಯಮಗಳಿವೆ, ಮನೆಯಲ್ಲೇ ಮಾಡಿಕೊಂಡು ಆಡುವಷ್ಟು ವಿವರವಾಗಿ.

ಹತ್ತಕ್ಕೆ ಹತ್ತು, ನೂರು ಮನೆ. ಕಪ್ಪು 20 ಕಾಯಿ, ಕೇಸರಿ 20 ಕಾಯಿ. ಹಿಂದಿನ ಸಾಲಿನಲ್ಲಿ ಆಟಗಾರನ ಎಡದಿಂದ ಯೋಧ, ಪಡ್ವಾರ್, ದ್ವಾರ್, ಹಾರುಗ, ನಾಯಕ, ರಾಜಕುಮಾರಿ, ಹಾರುಗ, ದ್ವಾರ್, ಪಡ್ವಾರ್, ಯೋಧ. ಮುಂದಿನ ಸಾಲಿನ ಎರಡು ತುದಿಗೆ ಥೋಟ್, ಅಂದರೆ ಎಂಟು ಕಾಲಿನ ಪ್ರಾಣಿಯ ಮೇಲೆ ಕೂತ ಸವಾರ. ನಡುವೆ ಎಂಟು ಪಾಂಥನ್, ಬಾಡಿಗೆ ಬಂಟರು. ಪಡ್ವಾರ್, ದ್ವಾರ್ ಸೈನ್ಯದ ಹುದ್ದೆಗಳು. ದ್ವಾರ್‌ಗೂ ಬಾಗಿಲಿಗೂ ಇಲ್ಲಿ ಸಂಬಂಧವಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಎಡದಿಂದ ಜೋಡಿಸುವುದರಿಂದ ನನ್ನ ನಾಯಕನ ಎದುರಿಗೆ ಬರುವುದು ನಿಮ್ಮ ರಾಜಕುಮಾರಿ. ಚದುರಂಗದ ಅಭ್ಯಾಸದಲ್ಲಿ ನಾಯಕನೆದುರು ನಾಯಕನನ್ನು ಇಟ್ಟರೆ ಮುಂದೆ ಹೇಳುವ ಲೆಕ್ಕವೆಲ್ಲ ತಪ್ಪುತ್ತದೆ.

ಕಾಯಿಗಳಿಗೆ ಎರಡು ಸೆಟ್ ಕೇರಂ ಕಾಯಿ ಸಾಕು. ಒಂದು ಸೆಟ್ಟಿನಲ್ಲಿ 9 ಕಪ್ಪು, 9 ಬಿಳಿ, 1 ಕೆಂಪು. ಬಿಳಿಯದೇ ಇಲ್ಲಿ ಕೇಸರಿ ಪಡೆ. ಎರಡು ಸೇರಿದರೆ ಬಣ್ಣಕ್ಕೆ ಹದಿನೆಂಟು: ಎಂಟು ಪಾಂಥನ್, ಜೊತೆಗೆ ಯೋಧ, ಪಡ್ವಾರ್, ದ್ವಾರ್, ಹಾರುಗ, ಥೋಟ್ ಎರಡೆರಡು. ಅಳೆದು ಮಾಡಿಸಿದ ಹಾಗೆ ಸರಿಹೋಗುತ್ತದೆ. ಎರಡು ಕೆಂಪು ಕಾಯಿ ರಾಜಕುಮಾರಿಯರಿಗೆ. ಒಂದರ ನೆತ್ತಿಗೆ ಕಪ್ಪು ಚುಕ್ಕೆ ಇಡಿ, ಇಲ್ಲದಿದ್ದರೆ ಆಟದ ನಡುವೆ ಯಾರ ಮಗಳು ಯಾರೆಂದು ಗೊತ್ತಾಗುವುದಿಲ್ಲ. ನಾಯಕರಿಗೆ ಎರಡು ದೊಡ್ಡ ಕೋಟಿನ ಗುಂಡಿ ಆದೀತು.

ಗುರುತು ಹಾಕುವಾಗ ಪುಸ್ತಕವನ್ನು ನಂಬಿದರೆ ಕೆಟ್ಟಿರಿ. ಅದರಲ್ಲಿ ಯೋಧನಿಗೂ ಎರಡು ಗರಿ, ಪಡ್ವಾರ್‌ಗೂ ಎರಡು ಗರಿ, ಥೋಟಿನ ಸವಾರನಿಗೂ ಎರಡೇ ಗರಿ. ನಾನು ಗರಿ ಬಿಟ್ಟು ನಡೆಯನ್ನೇ ಬರೆದೆ. ಯೋಧ 2+, ಪಡ್ವಾರ್ 2×, ದ್ವಾರ್ 3+, ಹಾರುಗ 3×, ಥೋಟಿಗೆ + ಮತ್ತು × ಎರಡೂ, ಪಾಂಥನ್ ಬೋಳು. + ಎಂದರೆ ನೇರ, × ಎಂದರೆ ಓರೆ. ಹಳೆಯ ಕಾಯಿಗಳ ಮೇಲೆ ಕೇರಂ ಪೌಡರು ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸದೆ ಬರೆದರೆ ಎರಡೇ ಆಟಕ್ಕೆ ಶಾಯಿ ಕೈಗೆ ಬರುತ್ತದೆ. ಕಪ್ಪು ಕಾಯಿಗೆ ಮಾರ್ಕರ್ ಕಾಣುವುದಿಲ್ಲ, ಕಾಗದದ ತಪ್ಪು ಅಳಿಸುವ ಬಿಳಿ ದ್ರವ ಚೆನ್ನಾಗಿ ಹಿಡಿಯುತ್ತದೆ.

ಕೇರಂ ಕಾಯಿ ಸುಮಾರು 3.1 ಸೆಂ.ಮೀ. ಅಗಲ, ಆದ್ದರಿಂದ ಮನೆಗೆ 4 ಸೆಂ.ಮೀ. ಸಾಕು. ಹಾಸು 40 ಸೆಂ.ಮೀ., ಅಂಚು ಸೇರಿ 45. ಒಂದು ಮನೆ ಅಳೆದು ಗೆರೆ ಎಳೆದು, ಅಲ್ಲಿಂದ ಮುಂದಿನದನ್ನು ಅಳೆಯಬೇಡಿ. ಅರ್ಧ ಮಿ.ಮೀ. ತಪ್ಪು ಹತ್ತು ಸಲಕ್ಕೆ ಅರ್ಧ ಸೆಂ.ಮೀ. ಆಗಿ ಕೊನೆಯ ಮನೆ ಸೊಟ್ಟ ನಿಲ್ಲುತ್ತದೆ. ಸ್ಕೇಲನ್ನು ಒಮ್ಮೆ ಇಟ್ಟು 4, 8, 12 ಎಂದು 40ರವರೆಗೆ ಚುಕ್ಕೆ ಇಟ್ಟು ಆಮೇಲೆ ಎತ್ತಿ. ಪುಸ್ತಕದ ಹಾಸಿನಲ್ಲಿ ಮನೆಗಳೂ ಕಪ್ಪು-ಕೇಸರಿ. ಹಾಗೆ ಮಾಡಿದರೆ ಕಪ್ಪು ಮನೆಯಲ್ಲಿ ಕಪ್ಪು ಕಾಯಿ ಮಾಯ. ಬೂದಿ ಬಣ್ಣ ಮತ್ತು ತಿಳಿ ಕೇಸರಿ ಕಣ್ಣಿಗೆ ಹಿತ.

ಇನ್ನು ನಡೆ. ಯೋಧ ನೇರಕ್ಕೆ ಎರಡು ಮನೆ, ದ್ವಾರ್ ಮೂರು. ಪಡ್ವಾರ್ ಓರೆಗೆ ಎರಡು, ಹಾರುಗ ಮೂರು. ನಡುವೆ ತಿರುಗಬಹುದು, ಆದರೆ ಒಂದೇ ನಡೆಯಲ್ಲಿ ಒಂದೇ ಮನೆಯನ್ನು ಎರಡು ಸಲ ದಾಟುವಂತಿಲ್ಲ. ನಾಯಕ, ರಾಜಕುಮಾರಿ ನೇರ-ಓರೆ ಹೇಗಾದರೂ ಮೂರು. ಅನುಬಂಧದಲ್ಲಿ ಅಡ್ಡ ಬಂದ ಕಾಯಿಯನ್ನು ಹಾರಿ ಹೋಗುವ ಹಕ್ಕು ಬರೆದಿರುವುದು ಹಾರುಗನಿಗೆ, ರಾಜಕುಮಾರಿಗೆ. ಪಾಂಥನ್ ಮುಂದೆ, ಪಕ್ಕಕ್ಕೆ, ಓರೆಗೆ ಒಂದು ಮನೆ, ಹಿಂದಕ್ಕಿಲ್ಲ. ಮೂರು ಎಂದರೆ ಪೂರ್ತಿ ಮೂರೇ, ಮೂರರವರೆಗೆ ಎಷ್ಟಾದರೂ ಸರಿಯೇ ಎಂಬುದನ್ನು ಆಟಕ್ಕೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಜಗಳವಾಗುವುದು ಅಲ್ಲೇ. ನಾನು ಆಡುವುದು ಪೂರ್ತಿ ಲೆಕ್ಕದಲ್ಲಿ, ಕಾಯಿಗಳ ಗುಣ ಕಾಣುವುದು ಹಾಗೆ ಆಡಿದಾಗಲೇ.

ಪಡ್ವಾರ್ ನೋಡಿ. ಓರೆಗೆ ಎರಡು ಹೆಜ್ಜೆ ಎಂದರೆ ಅಡ್ಡಕ್ಕೂ ಉದ್ದಕ್ಕೂ ಸರಿಸಂಖ್ಯೆಯಷ್ಟೇ ಸರಿಯುತ್ತದೆ. ಹಾಗಾಗಿ ಅದು ಇಡೀ ಆಟದಲ್ಲಿ ಮೆಟ್ಟಬಹುದಾದ ಮನೆಗಳು ನೂರರಲ್ಲಿ 25 ಮಾತ್ರ. ನಿಮ್ಮ ಎರಡು ಪಡ್ವಾರ್‌ಗಳಲ್ಲಿ ಒಂದೂ ಎದುರಾಳಿಯ ರಾಜಕುಮಾರಿ ಮೊದಲು ಕೂತ ಮನೆಗೆ ಎಂದೂ ಹೋಗಲಾರದು. ಯೋಧ ಒಂದೇ ಬಣ್ಣದ 50 ಮನೆಗಳಲ್ಲಿ ತಿರುಗುತ್ತಾನೆ, ಪಕ್ಕದಲ್ಲೇ ನೇರಕ್ಕೆ ನಿಂತವನನ್ನು ಕಡಿಯಲಾರ. ದ್ವಾರ್ ಮಾತ್ರ ಮುಂದೆ ಒಂದು, ಬಲಕ್ಕೆ ಒಂದು, ಹಿಂದೆ ಒಂದು ಎಂದು ಸುತ್ತಿ ಬಂದು ಪಕ್ಕದ ಮನೆಯವನನ್ನೂ ಹೊಡೆಯುತ್ತದೆ. ಥೋಟನ್ನು ಕುದುರೆ ಎಂದುಕೊಂಡವರು ಮೋಸ ಹೋಗುತ್ತಾರೆ: ಒಂದು ನೇರ, ಒಂದು ಓರೆ, ಯಾವ ದಿಕ್ಕಿಗಾದರೂ. ಕುದುರೆಯ ಎಂಟು ಮನೆಗಳ ಜೊತೆಗೆ ಪಕ್ಕದ ನಾಲ್ಕು ನೇರ ಮನೆಗಳೂ ಅದಕ್ಕೆ ಸಿಗುತ್ತವೆ.

ಹೊಸಬರು ಬೇಗ ಸೋಲುವುದು ಹಾರುಗನಿಂದ. ಕಪ್ಪಿನವರ ಎಡದಿಂದ ಕಂಬಸಾಲಿಗೆ 1ರಿಂದ 10, ಅವರ ಕಡೆಯಿಂದ ಅಡ್ಡಸಾಲಿಗೆ 1ರಿಂದ 10 ಎಂದು ಎಣಿಸಿ. ಕಪ್ಪು ನಾಯಕನ ಪಕ್ಕದ ಹಾರುಗ ಇರುವುದು 4-1ರಲ್ಲಿ, ಕೇಸರಿ ರಾಜಕುಮಾರಿ 5-10ರಲ್ಲಿ. ಹಾರುಗ 5-4ಕ್ಕೆ, ಅಲ್ಲಿಂದ 4-7ಕ್ಕೆ, ಮೂರನೆಯ ನಡೆಗೆ 5-10ಕ್ಕೆ, ರಾಜಕುಮಾರಿ ಸಿಕ್ಕಿಬಿದ್ದಳು, ಆಟ ಮುಗಿಯಿತು. ಇದನ್ನು ತಡೆಯುವುದು 7-10ರಲ್ಲಿರುವ ಕೇಸರಿ ಹಾರುಗ, ಅಲ್ಲಿಂದ ಅದು ಒಂದೇ ಓರೆಯಲ್ಲಿ 4-7ಕ್ಕೆ ಇಳಿದು ಕಡಿಯಬಲ್ಲದು. ಅದೂ ನಾಯಕನ ಪಕ್ಕದ ಹಾರುಗನೇ. ಅದನ್ನು ಹುರುಪಿನಲ್ಲಿ ಮೊದಲೇ ಮುಂದಕ್ಕೆ ಹಾರಿಸಿದವರು ರಾಜಕುಮಾರಿಯನ್ನು ಓಡಿಸುತ್ತಲೇ ಇರಬೇಕಾಗುತ್ತದೆ. ಇನ್ನೊಂದು ಹಾರುಗ ಬೇರೆ ಬಣ್ಣದ ಮನೆಗಳಲ್ಲಿ ಓಡಾಡುವುದರಿಂದ ಈ ಕೆಲಸಕ್ಕೆ ಬರುವುದಿಲ್ಲ.

ರಾಜಕುಮಾರಿ ಯಾರನ್ನೂ ಕಡಿಯುವಂತಿಲ್ಲ, ಏಟು ಬೀಳುವ ಮನೆಗೆ ಕಾಲಿಡುವಂತಿಲ್ಲ. ಆಟಕ್ಕೊಮ್ಮೆ ಹತ್ತು ಮನೆ ಓಡುವ 'ಪಾರು' ಅವಳಿಗಿದೆ. ಮೊದಲ ಗಾಬರಿಗೇ ಅದನ್ನು ಖರ್ಚು ಮಾಡಬೇಡಿ.

ಈ ಆಟದ ನಿಜವಾದ ಕುಂದು ಡ್ರಾ. ನಾಯಕ ನಾಯಕನನ್ನು ಕಡಿದರೆ ಗೆಲುವು, ಬೇರೆ ಯಾವ ಕಾಯಿ ನಾಯಕನನ್ನು ಕಡಿದರೂ ಡ್ರಾ. ಸೋಲುತ್ತಿರುವವನು ಒಂದು ಪಾಂಥನನ್ನು ನಿಮ್ಮ ನಾಯಕನ ಮೇಲೆ ನುಗ್ಗಿಸಿ ಪಾರಾಗುತ್ತಾನೆ. ಮದ್ದೂ ಅನುಬಂಧದಲ್ಲೇ ಇದೆ: ಮಂಗಳದವರು ಪ್ರತಿ ಕಾಯಿಯ ತಲೆಗೂ ಬೆಲೆ ಕಟ್ಟಿ ಜೂಜಾಡುತ್ತಾರೆ, ಕಳೆದುಕೊಂಡವನು ಕಾಯಿಗಿಷ್ಟು ಎಂದು ಕೊಡಬೇಕು. ಬೆಲೆ ಎಷ್ಟೆಂದು ಅಲ್ಲಿಲ್ಲ. ಹುಣಸೆಬೀಜದಲ್ಲಿ ನಾನು ಕಟ್ಟಿದ್ದು ಹೀಗೆ: ಪಾಂಥನ್ 1, ಪಡ್ವಾರ್ 2, ಯೋಧ 3, ಥೋಟ್ 4, ದ್ವಾರ್ 6, ಹಾರುಗ 7, ನಾಯಕ 10. ಒಂದು ಪಡೆಗೆ 62 ಆಗುತ್ತದೆ, ಆದ್ದರಿಂದ ಒಬ್ಬೊಬ್ಬರಿಗೆ 62 ಬೀಜ ಎಣಿಸಿಕೊಟ್ಟು ಶುರುಮಾಡಿ. ಆಟ ಡ್ರಾ ಆದರೂ ಬೀಜ ಯಾರ ಬಳಿ ಹೆಚ್ಚಿದೆ ಎಂಬುದು ಉಳಿಯುತ್ತದೆ. ಎರಡೂ ಕಡೆ ಸಮಬೆಲೆಯ ಮೂರು ಅಥವಾ ಕಡಿಮೆ ಕಾಯಿ ಉಳಿದು, ಐದೈದು ನಡೆಯಲ್ಲಿ ಮುಗಿಯದಿದ್ದರೆ ಡ್ರಾ ಎಂಬ ಇನ್ನೊಂದು ನಿಯಮವಿದೆಯಲ್ಲ, ಆ 'ಸಮಬೆಲೆ'ಯನ್ನೂ ಇದೇ ಪಟ್ಟಿ ನೋಡಿ ತೀರ್ಮಾನಿಸುತ್ತೇವೆ.