ಹೆಕ್ಸ್ ಒಗಟು ಕಟ್ಟುವುದು: ಸೋಲುವವನ ಕಡೆಯಿಂದ ಶುರು ಮಾಡಿ

ಹೆಕ್ಸ್ ಎಂಬ ಇಬ್ಬರ ಹಲಗೆಯಾಟದ ಒಗಟನ್ನು ಗೆಲ್ಲುವವನ ಕಡೆಯಿಂದ ಕಟ್ಟಲು ಹೊರಟರೆ ಅದು ಬಹುತೇಕ ಕೆಡುತ್ತದೆ. ಚಂದದ ನಡೆಯೊಂದು ಹೊಳೆಯುತ್ತದೆ, ಅದರ ಸುತ್ತ ಕಾಯಿ ಜೋಡಿಸುತ್ತೇವೆ, ಕೊನೆಗೆ ನೋಡಿದರೆ ಬೇರೆ ಮೂರು ಮನೆಗಳಲ್ಲಿ ಕಾಯಿ ಇಟ್ಟರೂ ಗೆಲುವು ಸಿಗುತ್ತದೆ. ಉತ್ತರ ಒಂದೇ ಇಲ್ಲದಿದ್ದರೆ ಅದು ಒಗಟಲ್ಲ, ಬರೀ ಆಟದ ನಡುವಿನ ಒಂದು ಸ್ಥಿತಿ. ಹಾಗಾಗಿ ನಾನು ಮೊದಲು ಬರೆದುಕೊಳ್ಳುವುದು ಸೋಲಬೇಕಾದವನು ಗೆಲ್ಲಬಹುದಾಗಿದ್ದ ದಾರಿಗಳನ್ನು. ಆ ದಾರಿಗಳನ್ನು ಒಂದರ ಮೇಲೊಂದು ಹೊದಿಸಿದಾಗ ಎಲ್ಲಕ್ಕೂ ಸೇರಿದ ಮನೆ ಒಂದೇ ಉಳಿಯಬೇಕು. ಅದೇ ಉತ್ತರದ ಮನೆ.

ಆಟದ ನಿಯಮ ಎರಡು ಸಾಲಿನದು. ಜೇನಿನ ಎರಿಯ ಹಾಗೆ ಆರು ಮೂಲೆಯ ಮನೆಗಳಿರುವ, ವಾಲಿದ ಚೌಕದ ಆಕಾರದ ಹಲಗೆ, ಸಾಮಾನ್ಯವಾಗಿ 11×11. ಕಪ್ಪು ಮೇಲಂಚಿನಿಂದ ಕೆಳಂಚಿಗೆ, ಬಿಳಿ ಎಡದಂಚಿನಿಂದ ಬಲದಂಚಿಗೆ ಬಿಡುವಿಲ್ಲದ ಸರಪಳಿ ಕಟ್ಟಬೇಕು. ಸರದಿಗೆ ಒಂದು ಕಾಯಿ. ಇಟ್ಟ ಕಾಯಿ ಸರಿಯುವುದಿಲ್ಲ, ಕಡಿಯುವುದೂ ಇಲ್ಲ. ಹಲಗೆ ಪೂರ್ತಿ ತುಂಬಿದರೂ ಒಬ್ಬರು ಗೆದ್ದೇ ಇರುತ್ತಾರೆ, ಸಮ ಎಂಬುದಿಲ್ಲ. ಡೆನ್ಮಾರ್ಕಿನ ಪೀಟ್ ಹೈನ್ ಇದನ್ನು ರೂಪಿಸಿದಾಗ 1942ರ ಡಿಸೆಂಬರ್ 26ರಂದು ಪೊಲಿಟಿಕೆನ್ ಪತ್ರಿಕೆಯಲ್ಲಿ ‘ಪಾಲಿಗಾನ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು, ಅದರ ಬೆನ್ನಿಗೇ ಆ ಪತ್ರಿಕೆಯಲ್ಲಿ ಒಗಟುಗಳೂ ಬಂದವು. ಅಂದರೆ ಒಗಟು ಈ ಆಟಕ್ಕೆ ಆಮೇಲೆ ಅಂಟಿಕೊಂಡದ್ದಲ್ಲ, ಜೊತೆಯಲ್ಲೇ ಹುಟ್ಟಿದ್ದು. ಅಮೆರಿಕದಲ್ಲಿ ಗಣಿತಜ್ಞ ಜಾನ್ ನ್ಯಾಶ್ ಸ್ವತಂತ್ರವಾಗಿ ಇದೇ ಆಟವನ್ನು ಕಂಡುಕೊಂಡರು. ಮೊದಲು ಆಡುವವನಿಗೆ ಗೆಲುವಿನ ದಾರಿ ಇದ್ದೇ ಇದೆ ಎಂದು ಸಾಧಿಸಿ ತೋರಿಸಿದವರೂ ಅವರೇ. ಆದರೆ ಆ ದಾರಿ ಯಾವುದು ಎಂದು ಆ ಸಾಧನೆ ಹೇಳುವುದಿಲ್ಲ. ಒಗಟು ಕಟ್ಟುವವರಿಗೆ ಜಾಗ ಉಳಿದಿರುವುದೇ ಅದರಿಂದ.

ಹಲಗೆಗೆ ಷಟ್ಕೋನಗಳನ್ನು ಒಂದೊಂದಾಗಿ ಗೀಚುತ್ತ ಕೂರಬೇಕಿಲ್ಲ. ರಂಗೋಲಿಯಲ್ಲಿ ಎರಡು ಚುಕ್ಕೆಗಳ ನಡುವಿಗೆ ಮುಂದಿನ ಸಾಲಿನ ಚುಕ್ಕೆ ಇಡುವ ಹಾಗೆ ಚುಕ್ಕೆ ಇಟ್ಟರೆ ಸಾಕು, ಒಂದು ಚುಕ್ಕೆ ಎಂದರೆ ಒಂದು ಮನೆ. ಒಂದೇ ಸಾಲಿನ ಚುಕ್ಕೆಗಳ ನಡುವೆ 21 ಮಿ.ಮೀ., ಸಾಲುಗಳ ನಡುವೆ 18 ಮಿ.ಮೀ., ಪ್ರತಿ ಸಾಲೂ ಮೇಲಿನದಕ್ಕಿಂತ 10.5 ಮಿ.ಮೀ. ಬಲಕ್ಕೆ. ಪಕ್ಕದ ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿದರೆ ಒಳಗಿನ ಪ್ರತಿ ಚುಕ್ಕೆಗೂ ಆರು ನೆಂಟರು ಕಾಣುತ್ತಾರೆ. 5×5 ಹಲಗೆ 126×72 ಮಿ.ಮೀ. ಆಗುತ್ತದೆ, ನೋಟ್‌ಬುಕ್ಕಿನ ಪುಟದಲ್ಲಿ ಕೂರುತ್ತದೆ. 11×11ಕ್ಕೆ 315×180 ಮಿ.ಮೀ., ಎ3 ಹಾಳೆ ಬೇಕು. ಕಾಯಿಗೆ ಕೊಡಗಿನ ಮನೆಗಳಲ್ಲಿ ಬೇರೇನೂ ಹುಡುಕಬೇಕಿಲ್ಲ: ಹುರಿದ ಕಾಫಿ ಬೀಜ ಕಪ್ಪು, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ಒಳಪೊರೆ ಸಮೇತ ಒಣಗಿಸಿದ ಬೀಜ) ಬಿಳಿ. ಎರಡಕ್ಕೂ ಒಂದು ಮಗ್ಗುಲು ಚಪ್ಪಟೆ ಇರುವುದರಿಂದ ಇಟ್ಟಲ್ಲೇ ಇರುತ್ತವೆ. ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಅಂದರೆ ಒಣ ಚೆರ್ರಿಯೂ ಕಾಳುಮೆಣಸೂ ಉರುಳಿ ಹೋಗುತ್ತವೆ, ಬೇಡ. ಹುರಿದ ಬೀಜದ ಎಣ್ಣೆ ಕಾಗದಕ್ಕೆ ಹತ್ತುತ್ತದೆ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯಲ್ಲಿ ಕಾಗದವೇ ತೇವ ಕುಡಿದು ಸುಕ್ಕಾಗುತ್ತದೆ. ಹಲಗೆಯ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿಬಿಟ್ಟರೆ ಎರಡೂ ತೊಂದರೆ ತಪ್ಪುತ್ತವೆ. ಕಂಬಸಾಲುಗಳಿಗೆ ಹೆಸರಿಡುವಾಗ ಅ, ಆ, ಇ, ಈ ಎಂದು ಬರೆಯಬೇಡಿ. ಪೆನ್ಸಿಲ್ ಗುರುತಿನಲ್ಲಿ ಹ್ರಸ್ವ–ದೀರ್ಘ ಒಂದೇ ಥರ ಕಂಡು ಬರೆದಿಟ್ಟ ಉತ್ತರ ತಲೆಕೆಳಗಾಗುತ್ತದೆ. ನಾನು ಎ, ಬಿ, ಸಿ, ಡಿ, ಇ ಎಂದೇ ಬರೆಯುತ್ತೇನೆ.

ಈಗ ಒಂದು ಒಗಟನ್ನು ಪೂರ್ತಿ ಬಿಚ್ಚಿ ನೋಡೋಣ. ಕಪ್ಪಿನ ಸರದಿ, ಕಪ್ಪು ಗೆಲ್ಲಬೇಕು.

ಎ ಬಿ ಸಿ ಡಿ ಇ (ಎಡದಿಂದ ಬಲಕ್ಕೆ)
1  · · · ● ·
2   ○ · · ● ·
3    · · · · ●
4     · · ○ ○ ○
5      · · ● · ·

ಕಪ್ಪು: ಡಿ1, ಡಿ2, ಇ3, ಸಿ5. ಬಿಳಿ: ಎ2, ಸಿ4, ಡಿ4, ಇ4. ಸಾಲುಗಳು ಬಲಕ್ಕೆ ವಾಲಿರುವುದನ್ನು ಗಮನಿಸಿ. ಸಿ3ಕ್ಕೆ ನೆಂಟರು ಬಿ3, ಡಿ3, ಸಿ2, ಡಿ2, ಬಿ4, ಸಿ4. ಬಿ2 ಅದಕ್ಕೆ ತಾಗುವುದಿಲ್ಲ, ಡಿ4 ಕೂಡ ತಾಗುವುದಿಲ್ಲ. ಹೊಸಬರು ಎಡವುವುದು ಇಲ್ಲೇ.

ಬಿಳಿಯ ಗೋಡೆ ಸಿ4–ಡಿ4–ಇ4 ಬಲದಂಚನ್ನು ಮುಟ್ಟಿಯಾಗಿದೆ. ಎಡಕ್ಕೆ ತಲುಪಿದರೆ ಬಿಳಿ ಗೆದ್ದಂತೆ. ಈಗ ಸರದಿ ಬಿಳಿಯದಾಗಿದ್ದರೆ ಏನೇನು ಮಾಡಬಹುದಿತ್ತು ಎಂದು ಬರೆಯುತ್ತೇನೆ. ಮೊದಲ ದಾರಿ: ಬಿ4. ಅಲ್ಲಿಂದ ಎ4 ಅಥವಾ ಎ5, ಒಂದನ್ನು ಕಪ್ಪು ತಡೆದರೆ ಇನ್ನೊಂದು. ಬೇಕಾದ ಮನೆಗಳು ಬಿ4, ಎ4, ಎ5. ಎರಡನೇ ದಾರಿ: ಎ5. ಅದು ಅಂಚಿನ ಮೇಲೇ ಇದೆ. ಸಿ4ರ ಜೊತೆ ಬಿ4 ಅಥವಾ ಬಿ5 ಮೂಲಕ ಸೇರುತ್ತದೆ. ಬೇಕಾದ ಮನೆಗಳು ಎ5, ಬಿ4, ಬಿ5. ಮೂರನೇ ದಾರಿ: ಬಿ3. ಸಿ4ರ ಜೊತೆ ಸಿ3 ಅಥವಾ ಬಿ4 ಮೂಲಕ, ಅಂಚಿಗೆ ಎ3 ಅಥವಾ ಎ4 ಮೂಲಕ. ಬೇಕಾದ ಮನೆಗಳು ಬಿ3, ಸಿ3, ಬಿ4, ಎ3, ಎ4.

ಮೂರನ್ನೂ ಒಂದರ ಮೇಲೊಂದು ಇಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಸೇರಿದ್ದು ಬಿ4 ಮತ್ತು ಎ5. ಮೂರನೆಯದರಲ್ಲಿ ಎ5 ಇಲ್ಲ. ಉಳಿದದ್ದು ಬಿ4 ಒಂದೇ. ಹಲಗೆಯಲ್ಲಿ ಖಾಲಿ ಮನೆ 17. ಮೊದಲ ದಾರಿಗೆ ಅಡ್ಡ ಬರದ 14 ಮನೆಗಳಲ್ಲಿ ಕಪ್ಪು ಎಲ್ಲಿ ಇಟ್ಟರೂ ಬಿಳಿ ಬಿ4 ಇಟ್ಟು ಗೆಲ್ಲುತ್ತದೆ. ಡಿ2ಕ್ಕೆ ಅಂಟಿಕೊಂಡು ಗಟ್ಟಿಯಾಗಿ ಕಾಣುವ ಸಿ3 ಕೂಡ ಆ 14ರಲ್ಲೇ ಸೇರಿದೆ. ಕಪ್ಪು ಎ4 ಇಟ್ಟರೆ ಬಿಳಿ ಎ5, ಎ5 ಇಟ್ಟರೆ ಬಿಳಿ ಬಿ3. ಹದಿನಾರು ತಪ್ಪು ನಡೆಗಳ ಲೆಕ್ಕ ಮೂರು ಸಾಲಿನಲ್ಲಿ ಮುಗಿಯಿತು. ಒಂದೊಂದು ನಡೆಯನ್ನೂ ಆಡಿ ನೋಡುತ್ತ ಕೂತರೆ ಒಂದು ಸಂಜೆ ಸಾಲದು, ನಡುವೆ ಕಣ್ತಪ್ಪುವುದೂ ಖಂಡಿತ.

ಇಷ್ಟರಿಂದ ಬಿ4 ಬಿಟ್ಟು ಬೇರೆ ಉತ್ತರವಿಲ್ಲ ಎಂದಷ್ಟೇ ಗೊತ್ತಾಯಿತು. ಬಿ4 ಗೆಲ್ಲುತ್ತದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು. ಬಿ4ರಿಂದ ಕೆಳಕ್ಕೆ ಎ5 ಅಥವಾ ಬಿ5 ಇದೆ, ಆ ಕಡೆ ಚಿಂತೆಯಿಲ್ಲ. ಮೇಲಕ್ಕೆ ಸಿ3 ಇಟ್ಟರೆ ಡಿ2ಕ್ಕೆ ಸೇರಿ ಆಟ ಮುಗಿಯಿತು. ಹಾಗಾಗಿ ಬಿಳಿಗೆ ಸಿ3 ಬಿಟ್ಟು ಗತಿಯಿಲ್ಲ. ಈಗ ಕಪ್ಪಿನ ಎರಡನೇ ನಡೆ. ಒಗಟಿನ ಜೀವ ಇರುವುದು ಇಲ್ಲಿ. ಕೈ ತಾನಾಗಿ ಸಿ2ಕ್ಕೆ ಹೋಗುತ್ತದೆ. ಅದು ಸೋಲು: ಬಿಳಿ ಬಿ3 ಇಟ್ಟು ಎ3 ಅಥವಾ ಎ4 ಹಿಡಿಯುತ್ತದೆ. ಸರಿಯಾದದ್ದು ಬಿ3. ಆಮೇಲೆ ಸಿ2 ಇಟ್ಟರೆ ಡಿ2ಕ್ಕೆ ಸೇರುತ್ತದೆ, ಬಿ2 ಇಟ್ಟರೆ ಬಿ1 ಅಥವಾ ಸಿ1 ಮೂಲಕ ಮೇಲಂಚಿಗೆ ಸೇರುತ್ತದೆ. ಎರಡು ದಾರಿಗೂ ಸೇರಿದ ಮನೆ ಒಂದೂ ಇಲ್ಲ, ಬಿಳಿಯ ಒಂದು ಕಾಯಿ ಎರಡನ್ನೂ ತಡೆಯಲಾರದು.

ಎ2ರ ಬಿಳಿ ಕಾಯಿ ದೂರದಲ್ಲಿ ಒಂಟಿಯಾಗಿ ಕೂತಿದೆ, ಏಕೆ ಎಂದು ಕೇಳಬಹುದು. ಅದಿಲ್ಲದೆ ಈ ಒಗಟು ಒಡೆದುಹೋಗುತ್ತದೆ. ಎ2 ಖಾಲಿಯಿದ್ದರೆ ಎರಡನೇ ನಡೆಯಾಗಿ ಕಪ್ಪು ಎ3 ಇಟ್ಟರೂ ಗೆಲ್ಲುತ್ತದೆ. ಎ3–ಬಿ4ರ ನಡುವೆ ಎ4, ಬಿ3 ಎರಡೂ ಇವೆ. ಬಿಳಿ ಬಿ2ಕ್ಕೆ ಬಂದರೆ ಕಪ್ಪು ಎ2, ಅಲ್ಲಿಂದ ಎ1 ಅಥವಾ ಬಿ1. ಎ2ರಲ್ಲಿ ಬಿಳಿ ಕೂತ ಕೂಡಲೇ ಈ ದಾರಿ ಸತ್ತಿತು: ಕಪ್ಪು ಎ3, ಬಿಳಿ ಬಿ2, ಮುಂದೆ ಸಿ2 ಅಥವಾ ಬಿ3 ಮೂಲಕ ಸಿ3ಕ್ಕೆ. ಕೀಲಿ ನಡೆ, ಅಂದರೆ ಗೆಲ್ಲಿಸುವ ಮೊದಲ ನಡೆ, ಒಂದೇ ಎಂದು ಖಾತ್ರಿಯಾದ ಮೇಲೆ ಅದೇ ಹೊದಿಕೆಯ ಪರೀಕ್ಷೆಯನ್ನು ಎರಡನೇ ನಡೆಗೂ ಮಾಡಬೇಕು ಎನ್ನುವುದು ಇದಕ್ಕೇ. ಅಲ್ಲಿ ಎರಡು ಮನೆ ಉಳಿದರೆ, ಬೇಡದ ಮನೆಯ ದಾರಿಗೆ ಅಡ್ಡವಾಗಿ ಬಿಳಿಯ ಒಂದು ಕಾಯಿ ಸೇರಿಸಿ. ಸೇರಿಸಿದ ಮೇಲೆ ಮೊದಲಿನಿಂದ ಮತ್ತೆ ಪರೀಕ್ಷಿಸಿ, ಏಕೆಂದರೆ ಆ ಕಾಯಿ ಬೇರೆಲ್ಲೋ ಬಿಳಿಗೆ ಹೊಸ ದಾರಿ ತೆರೆದಿರಬಹುದು.

ಗೋಡೆಯನ್ನು ಮೂರು ಕಾಯಿಯಿಂದ ಗಟ್ಟಿ ಮಾಡಿದ್ದಕ್ಕೂ ಕಾರಣವಿದೆ. ಸಿ4 ಮತ್ತು ಇ3ರಲ್ಲಿ ಬಿಳಿ ಇಟ್ಟು ನಡುವಿನ ಡಿ3, ಡಿ4 ಖಾಲಿ ಬಿಟ್ಟರೂ ಅದು ಸೇತುವೆ. ಕಪ್ಪು ಒಂದಕ್ಕೆ ನುಗ್ಗಿದರೆ ಬಿಳಿ ಇನ್ನೊಂದನ್ನು ತುಂಬುತ್ತದೆ. ಆಟದಲ್ಲಿ ಅದು ಸಾಕು. ಒಗಟಿನಲ್ಲಿ ಸಾಲದು. ಕಪ್ಪು ಮೊದಲು ಡಿ3 ಇಡುತ್ತದೆ, ಬಿಳಿ ಡಿ4 ಇಡಲೇಬೇಕು, ಆಮೇಲೆ ಬಿ4. ಹಾಗಾದರೆ ಡಿ3 ಕೂಡ ಗೆಲ್ಲುವ ಮೊದಲ ನಡೆಯೇ ಆಯಿತಲ್ಲ! ಬಿಡಿಸುವವರು ಡಿ3 ಎಂದು ಬರೆದುಕೊಟ್ಟರೆ ತಪ್ಪು ಎನ್ನಲು ನಮಗೆ ಬಾಯಿಲ್ಲ. ಎದುರಾಳಿಯ ತೆರೆದ ಸೇತುವೆ ಎಲ್ಲಿದ್ದರೂ ಕಾಯಿ ತುಂಬಿ ಮುಚ್ಚಿಬಿಡಿ. ಗೆಲ್ಲುವವನ ಸೇತುವೆಗಳನ್ನು ತೆರೆದೇ ಬಿಡಬಹುದು, ಆದರೆ ಅವು ಹೆಚ್ಚಾದಷ್ಟೂ ಉತ್ತರ ಬರೆಯುವುದು ಉದ್ದವಾಗುತ್ತದೆ. ಡಿ1ರ ಕಪ್ಪು ಕಾಯಿ ಇರುವುದು ಡಿ2ರಿಂದ ಮೇಲಂಚಿಗಿದ್ದ ಸೇತುವೆಯನ್ನು ಮುಚ್ಚಲು, ಅಷ್ಟಕ್ಕೇ.

ಸಿ5, ಇ3ರ ಕಪ್ಪು ಕಾಯಿಗಳು ಬರೀ ಲೆಕ್ಕ ತುಂಬುವವು. ಮೊದಲು ಆಡಿದವನ ಸರದಿ ಎಂದರೆ ಎರಡೂ ಕಡೆ ಕಾಯಿ ಸಮ ಇರಬೇಕು. ಈ ಆಟದಲ್ಲಿ ಕಾಯಿ ಹಲಗೆ ಬಿಟ್ಟು ಹೋಗುವುದಿಲ್ಲವಲ್ಲ. ಕೊರತೆ ಬಿದ್ದ ಕಾಯಿಗಳನ್ನು ಸತ್ತ ಮನೆಗಳಲ್ಲಿ ಇಡುತ್ತೇನೆ. ಯಾರ ಕಾಯಿ ಕೂತರೂ ಫಲಿತಾಂಶ ಬದಲಾಗದ ಮನೆ ಅದು. ಗೋಡೆಯ ಬೆನ್ನಿಗೆ ಅಂಥವು ಬೇಕಾದಷ್ಟು ಸಿಗುತ್ತವೆ. ಸಿ5ರಿಂದ ಒಂದು ಲಾಭವೂ ಇದೆ: ಬಿಡಿಸುವವರ ಕಣ್ಣು ಬಿ5ರ ಕಡೆ ಎಳೆಯುತ್ತದೆ. ಆದರೆ ದಾರಿ ತಪ್ಪಿಸುವುದಕ್ಕೆಂದೇ ಕಾಯಿ ಮೇಲೆ ಕಾಯಿ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಕಾಯಿಗೂ ಕಟ್ಟಿದವನ ಬಳಿ ಉತ್ತರ ಇರಬೇಕು.

ದೊಡ್ಡ ಹಲಗೆಗೆ ಹೋದಾಗ ಎರಡು ಸಂಗತಿ ಕಾಡುತ್ತವೆ. ಮೊದಲನೆಯದು ಅಂಚಿನಿಂದ ಮೂರನೇ ಸಾಲಿನ ಒಂಟಿ ಕಾಯಿ. ಆ ಸಾಲಿನಲ್ಲಿ ಅದೂ ಅದರ ಪಕ್ಕದ ಒಂದು ಮನೆಯೂ, ಎರಡನೇ ಸಾಲಿನಲ್ಲಿ ಮೂರು, ಅಂಚಿನ ಸಾಲಿನಲ್ಲಿ ನಾಲ್ಕು, ಹೀಗೆ ಮೆಟ್ಟಿಲಿನ ಹಾಗೆ ಅಗಲವಾಗುವ ಒಂಬತ್ತು ಮನೆಗಳಲ್ಲಿ ಉಳಿದ ಎಂಟು ಖಾಲಿಯಿದ್ದರೆ ಆ ಕಾಯಿ ಅಂಚಿಗೆ ಸೇರಿದೆ ಎಂದೇ ಲೆಕ್ಕ. ಎದುರಾಳಿ ಮೊದಲು ನುಗ್ಗಿದರೂ ತಡೆಯಲಾರ. ಬಲ್ಲವರು ಇದಕ್ಕೆ ಜಿಗ್ಗುರಾಟ್ ಎನ್ನುತ್ತಾರೆ. ಬಿಳಿಗೆ ಇಂಥದ್ದು ಸಿಕ್ಕಿದ್ದನ್ನು ಗಮನಿಸದಿದ್ದರೆ ಕಪ್ಪು ಅದರೊಳಗೆ ನುಗ್ಗಿ ಬಿಟ್ಟಿ ನಡೆಗಳನ್ನು ಪಡೆಯುತ್ತದೆ, ಕೀಲಿ ನಡೆ ನಾಲ್ಕಾರು ಆಗುತ್ತದೆ.

ಎರಡನೆಯದು ಏಣಿ. ಕಪ್ಪು ಅಂಚಿನಿಂದ ಎರಡನೇ ಸಾಲಿನಲ್ಲಿ ಒಂದೊಂದೇ ಹೆಜ್ಜೆ ದೂಡುತ್ತದೆ, ಬಿಳಿ ಕೆಳಗಿನ ಸಾಲಿನಲ್ಲಿ ಪ್ರತಿ ಹೆಜ್ಜೆಗೂ ತಡೆಯುತ್ತದೆ. ಮುಂದೆಲ್ಲೋ ಅಂಚಿಗೆ ಸೇರಿದ ಕಪ್ಪು ಕಾಯಿ (ಏಣಿ ಇಳಿಯುವ ಜಾಗ) ಕಾದಿದ್ದರೆ ಏಣಿ ಗೆದ್ದಿತು, ಇಲ್ಲದಿದ್ದರೆ ಮೂಲೆಯಲ್ಲಿ ಮುಗಿಯಿತು. ಏಣಿಗೆ ಇಳಿಯುವ ಜಾಗವೂ ಆಗಿ ಇನ್ನೊಂದು ಬೆದರಿಕೆಯೂ ಆಗುವ ಮನೆಯನ್ನು ಕೀಲಿಯಾಗಿಟ್ಟರೆ ಅತ್ಯಂತ ಸೊಗಸಾದ ಒಗಟುಗಳು ಹುಟ್ಟುತ್ತವೆ. ಕೆಡುವುದೂ ಅಲ್ಲೇ. ಏಣಿಯನ್ನು ಮೊದಲೇ ಎರಡು ಹೆಜ್ಜೆ ದೂಡಿ ಆಮೇಲೆ ಕೀಲಿ ನಡೆ ಆಡಿದರೂ ಗೆಲ್ಲುವಂತಿದ್ದರೆ ಉತ್ತರ ಒಂದಲ್ಲ. ಏಣಿ ಶುರುವಾಗುವ ಜಾಗವನ್ನು ಇಳಿಯುವ ಜಾಗಕ್ಕೆ ಹತ್ತಿರ ತಂದು, ದೂಡಲು ಬಿಡಿ ಹೆಜ್ಜೆಯೇ ಇಲ್ಲದಂತೆ ಮಾಡುವುದು ಒಂದು ಉಪಾಯ. ಬೇಗ ದೂಡಿದರೆ ಬಿಳಿಗೆ ಸಿಗುವ ಅಂಚಿನ ಕಾಯಿಗಳೇ ಕಪ್ಪಿನ ಇಳಿಯುವ ಜಾಗವನ್ನು ಕೆಡಿಸುವಂತೆ ಜೋಡಿಸುವುದು ಇನ್ನೊಂದು, ಹೆಚ್ಚು ಕಷ್ಟದ್ದು, ಹೆಚ್ಚು ಚಂದದ್ದು.

‘ಮೂರು ನಡೆಯಲ್ಲಿ ಗೆಲ್ಲಿ’ ಎಂದು ಚೆಸ್ಸಿನ ಹಾಗೆ ಶರತ್ತು ಹಾಕಬೇಡಿ. ಸೋಲುವವನು ಸೇತುವೆಗಳಿಗೆ ನುಗ್ಗಿ ಆಟವನ್ನು ಎಷ್ಟು ಬೇಕಾದರೂ ಎಳೆಯಬಹುದು. ‘ಕಪ್ಪಿನ ಸರದಿ, ಕಪ್ಪು ಗೆಲ್ಲಬೇಕು’ ಎಂದಷ್ಟೇ ಬರೆಯಿರಿ. ಕಷ್ಟ ಎಷ್ಟೆಂಬುದನ್ನು ನಾನು ಅಳೆಯುವುದು ನಡೆಗಳ ಸಂಖ್ಯೆಯಿಂದಲ್ಲ, ಮೊದಲ ನೋಟಕ್ಕೆ ಸರಿ ಎನಿಸುವ ತಪ್ಪು ನಡೆಗಳಿಂದ. ಮೇಲಿನ ಒಗಟಿನಲ್ಲಿ ಅಂಥವು ಮೂರು: ಮೊದಲ ನಡೆಗೆ ಸಿ3, ಎ4, ಎರಡನೆಯದಕ್ಕೆ ಸಿ2. ಮೂರಕ್ಕಿಂತ ಕಡಿಮೆ ಇದ್ದರೆ ಹಾಳೆ ಪಕ್ಕಕ್ಕಿಡುತ್ತೇನೆ.

5×5, 6×6ರ ಒಗಟುಗಳನ್ನು ಕೈಯಲ್ಲೇ ಪರೀಕ್ಷಿಸಬಹುದು. ಅದಕ್ಕಿಂತ ದೊಡ್ಡದಾದರೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಬರೆದ ಬೆಂಜೀನ್ ತಂತ್ರಾಂಶದ ನೆರವು ತೆಗೆದುಕೊಳ್ಳಿ. ಎರಡು ಸಂದರ್ಭದಲ್ಲೂ ಕೊನೆಯ ಪರೀಕ್ಷೆ ಒಂದೇ: ಉತ್ತರ ಹೇಳದೆ, ಚೆನ್ನಾಗಿ ಆಡುವ ಒಬ್ಬರ ಮುಂದೆ ಹಲಗೆ ಇಡಿ, ಬೀಜಗಳನ್ನು ಅವರ ಕೈಗೇ ಕೊಡಿ. ಅವರು ಮೊದಲು ಮುಟ್ಟಿದ ಮನೆ ಯಾವುದು ಎಂದು ಬರೆದುಕೊಳ್ಳಿ. ಅದು ಕೀಲಿಯ ಮನೆಯೇ ಆಗಿದ್ದರೆ ಗೋಡೆಯನ್ನು ಒಂದು ಸಾಲು ಸರಿಸಿ ಮತ್ತೆ ಬಿಳಿಯ ದಾರಿಗಳನ್ನು ಬರೆಯಲು ಕೂರಬೇಕು.