ಶಿವರಾತ್ರಿ ಕಳೆದ ಮೇಲೆ ಕೆರೆ ದಡದಲ್ಲಿ ಒಂದು ಹಕ್ಕಿ ನಡಿಗೆ

ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಒಂದು ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಬನ್ನಿ. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಹಕ್ಕಿಗಳಿಗೆ ಆಗ ಹೊರಡುವ ಆತುರ. ಇಲ್ಲಿಯವಕ್ಕೆ ಮರಿ ಸಾಕುವ ಆತುರ. ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಬಹುದು. ಹೊಸಬರನ್ನು ಹಕ್ಕಿ ನೋಡಲು ಕರೆದೊಯ್ಯುವ ನನಗೆ ವರ್ಷದಲ್ಲಿ ಇಷ್ಟವಾದ ಕಾಲ ಇದೇ.

ಇದು ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಈಗ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಸುತ್ತಲೂ ನಡೆಯುವ ದಾರಿಯಿದೆ, ನೆರಳಿದೆ, ನಡುವೆ ಹಕ್ಕಿಗಳು ಗೂಡು ಕಟ್ಟುವ ನಡುಗಡ್ಡೆಯಿದೆ. ನಿಮ್ಮೂರಿನ ಕೆರೆಯಾದರೂ ಕ್ರಮ ಇದೇ.

ಹೊರಡುವ ಮುಂಚೆ

ಗುಂಪಿನಲ್ಲಿ ಹತ್ತು ಹನ್ನೆರಡು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಿಂದಿದ್ದವರಿಗೆ ಹಕ್ಕಿ ಹಾರಿಹೋದ ಜಾಗವಷ್ಟೇ ಕಾಣುತ್ತದೆ. ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ಇರಿ, ಎಂಟೂವರೆಗೆ ಮುಗಿಸಿ. ಬಿಸಿಲೇರಿದ ಮೇಲೆ ಹಕ್ಕಿಗಳೂ ನೆರಳು ಹುಡುಕುತ್ತವೆ. ಬಿಳಿ, ಕೆಂಪು ಬಟ್ಟೆ ಬೇಡ. ಮಣ್ಣಿನ ಬಣ್ಣ, ಎಲೆಯ ಬಣ್ಣ ಒಳ್ಳೆಯದು. ನೀರು, ಟೋಪಿ, ಸಣ್ಣ ನೋಟ್‌ಬುಕ್, ಪೆನ್ಸಿಲ್ ಇದ್ದರೆ ಸಾಕು.

ಬೈನಾಕ್ಯುಲರ್ ಇಲ್ಲದಿದ್ದರೂ ಬನ್ನಿ, ಗುಂಪಿನಲ್ಲಿ ಯಾರಾದರೂ ಕೊಡುತ್ತಾರೆ. ಕೊಳ್ಳುವುದಾದರೆ 8x42 ಅನ್ನುವ ಅಳತೆಯದನ್ನು ಕೊಳ್ಳಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ ಅಂತ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹತ್ತು, ಹನ್ನೆರಡು ಪಟ್ಟಿನದು ಇನ್ನೂ ಚೆನ್ನಾಗಿರಬಹುದು ಅನ್ನಿಸುತ್ತದೆ ಅಲ್ವಾ? ಆದರೆ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ನೋಡುವ ರೀತಿ

ಹೊಸಬರಿಗೆ ಬೈನಾಕ್ಯುಲರಿನಲ್ಲಿ ಬರೀ ಎಲೆ, ಆಕಾಶ ಕಾಣುವುದುಂಟು. ತಪ್ಪು ಸಣ್ಣದು. ಹಕ್ಕಿ ಕಂಡ ಕೂಡಲೇ ಅವರು ತಲೆ ತಗ್ಗಿಸಿ ಬೈನಾಕ್ಯುಲರ್ ನೋಡುತ್ತಾರೆ, ಆಮೇಲೆ ಹಕ್ಕಿಯನ್ನು ಹುಡುಕುತ್ತಾರೆ. ಹಾಗೆ ಮಾಡಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ತಲೆ ಅಲ್ಲಾಡದಿರಲಿ. ಬೈನಾಕ್ಯುಲರನ್ನು ಕಣ್ಣಿನವರೆಗೆ ಎತ್ತಿ. ದಡದ ಮೇಲಿನ ಕಲ್ಲೊಂದನ್ನು ನೋಡುತ್ತಾ ಐದಾರು ಸಲ ಅಭ್ಯಾಸ ಮಾಡಿದರೆ ಕೈಗೆ ರೂಢಿಯಾಗುತ್ತದೆ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣೇ ಹೋದೀತು. ಬೆಳಿಗ್ಗೆ ಪೂರ್ವದ ದಡದಲ್ಲಿ ನಿಂತರೆ ಬಿಸಿಲು ಬೆನ್ನಿಗಿರುತ್ತದೆ, ಹಕ್ಕಿಯ ಬಣ್ಣ ತಿಳಿಯುತ್ತದೆ.

ಇನ್ನೊಬ್ಬರಿಗೆ ತೋರಿಸುವಾಗ ‘ಅಲ್ಲಿ, ಅಲ್ಲಿ’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮರವನ್ನು ಗಡಿಯಾರ ಅಂದುಕೊಳ್ಳಿ. ‘ಒಣಗಿದ ಮರ, ಎರಡು ಗಂಟೆಯ ಜಾಗ, ಕವಲಿನ ಮೇಲೆ’ ಎಂದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಕೆರೆ ಸುತ್ತ

ಮೊದಲ ಹತ್ತು ನಿಮಿಷ ಸುಮ್ನೆ ನಿಂತು ಕೇಳಿ. ಕೋಗಿಲೆ, ಕುಟ್ರು ಹಕ್ಕಿ ಆಗಲೇ ಶುರು ಮಾಡಿರುತ್ತವೆ. ಆಮೇಲೆ ನಡುಗಡ್ಡೆಯ ಕಡೆ ನೋಡಿ. ಮರದ ತುದಿಯಲ್ಲಿರುವ ದೊಡ್ಡ ಹಕ್ಕಿ ಹೆಜ್ಜಾರ್ಲೆ. ಮರಿ ತನ್ನ ತಲೆಯನ್ನು ದೊಡ್ಡದರ ಗಂಟಲ ಚೀಲದೊಳಗೇ ತೂರಿಸಿ ಮೀನು ತಿನ್ನುತ್ತದೆ. ಮಕ್ಕಳು ಇದನ್ನು ಒಮ್ಮೆ ನೋಡಿದರೆ ಅಲ್ಲಿಂದ ಕದಲುವುದಿಲ್ಲ, ಕದಲಿಸಲೂ ಬೇಡಿ. ಪಕ್ಕದಲ್ಲಿ ರೆಕ್ಕೆ ಹರವಿ ಕೂತದ್ದು ನೀರುಕಾಗೆ ಇರಬಹುದು, ಹಾವಕ್ಕಿ ಇರಬಹುದು. ಈಜುವಾಗ ಇಡೀ ಮೈ ಮುಳುಗಿ ಹಾವಿನ ಹಾಗೆ ಕತ್ತು ಮಾತ್ರ ಮೇಲಿದ್ದರೆ ಅದು ಹಾವಕ್ಕಿ.

ಆದರೆ ಈ ಕಾಲದಲ್ಲಿ ನಾನು ತುಂಬಾ ಹೊತ್ತು ನಿಲ್ಲಿಸುವುದು ಕೊಳದ ಬಕದ ಎದುರು. ‘ಇದೇನು, ಮನೆ ಹತ್ತಿರದ ಮೋರಿಯಲ್ಲೂ ಇರುತ್ತೆ’ ಅನ್ನುತ್ತಾರೆ. ಹೌದು, ಎಲ್ಲ ಕಡೆಯೂ ಇದೆ. ಅದಕ್ಕೇ ಯಾರೂ ನೋಡುವುದಿಲ್ಲ. ಚಳಿಗಾಲವೆಲ್ಲ ಅದು ಕೆಸರಿನ ಬಣ್ಣದ, ಗೀರು ಗೀರಿನ ಹಕ್ಕಿ. ಗೂಡು ಕಟ್ಟುವ ಕಾಲ ಹತ್ತಿರವಾದಂತೆ ಬೆನ್ನು ಕಡು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ, ತಲೆಯಿಂದ ಉದ್ದನೆಯ ಗರಿ ಇಳಿಯುತ್ತದೆ. ಮಾರ್ಚಿನಲ್ಲಿ ಕೆಲವು ಹಳೇ ಬಟ್ಟೆಯಲ್ಲೇ ಇರುತ್ತವೆ, ಕೆಲವು ಅರ್ಧ ಬದಲಾಗಿರುತ್ತವೆ. ಐದು ನಿಮಿಷ ಒಂದನ್ನೇ ನೋಡಿ. ದಿಢೀರನೆ ಹಾರಿದಾಗ ಆ ಬಿಳಿ ರೆಕ್ಕೆ ಎಲ್ಲಿ ಅಡಗಿತ್ತು ಅಂತ ಬೆರಗಾಗುತ್ತೀರಿ.

ನೀರಂಚಿನ ಹುಲ್ಲಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಪುಟ್ಟ ಹಕ್ಕಿ ಕುಂಡೆಕುಸ್ಕ. ಹಳದಿ ಕುಂಡೆಕುಸ್ಕದ ಹೊಟ್ಟೆಯ ಬಣ್ಣ ಗಾಢವಾಗಿದ್ದರೆ ಅದು ಹೊರಡಲು ಸಿದ್ಧವಾಗುತ್ತಿದೆ ಎಂದು ತಿಳಿಯಿರಿ. ನಂಜನಗೂಡಿನ ಕಡೆಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹೀಗೆಯೇ ಬೇಸಿಗೆ ಬರುತ್ತಿದ್ದಂತೆ ಹಿಮಾಲಯ ದಾಟಿ ಹೋಗುತ್ತವೆ. ಮಂಗೋಲಿಯಾದಲ್ಲಿ ಗುರುತಿಗಾಗಿ ಕತ್ತಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ಕೆರೆಗಳಲ್ಲಿ ಕಂಡದ್ದುಂಟು.

ಒಂದು ಮಾತು ಖಡಾಖಂಡಿತ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಅದು ಮರಿಗೆ ಉಣಿಸುವುದು ಬಿಟ್ಟು ಜಗಳಕ್ಕೆ ಓಡಿಬರುತ್ತದೆ. ದಡದ ಪೊದೆಯಲ್ಲಿ ಗೂಡು ಕಂಡರೆ ಹತ್ತಿರ ಹೋಗಬೇಡಿ. ಫೋಟೊ ಸಿಕ್ಕರೂ ಜಾಗದ ಹೆಸರು ಹಾಕಬೇಡಿ. ಬ್ರೆಡ್ಡು, ಮಂಡಕ್ಕಿ ಎಸೆಯುವುದೂ ಬೇಡ.

ಬರೆದಿಡುವುದು

ಹಿಂಡು ದೊಡ್ಡದಿದ್ದರೆ ಹತ್ತು ಹಕ್ಕಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿ. ಅಂಥ ಎಷ್ಟು ತುಂಡು ಇವೆ ಎಂದು ಲೆಕ್ಕ ಹಾಕಿ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಕನಿಷ್ಠ 15 ನಿಮಿಷ ನೋಡಿದ ಹಕ್ಕಿಗಳ ಪಟ್ಟಿ ಹಾಕಿದರೆ ನಿಮ್ಮ ಕೆರೆಯ ಲೆಕ್ಕ ವಿಜ್ಞಾನಿಗಳ ಕೈಗೂ ಸಿಗುತ್ತದೆ. ಗುರುತು ಸಿಗದ ಹಕ್ಕಿಗೆ ಊಹೆಯ ಹೆಸರು ಕೊಡಬೇಡಿ. ಕೊಕ್ಕು, ಕಾಲಿನ ಬಣ್ಣ, ಏನು ಮಾಡುತ್ತಿತ್ತು, ಇಷ್ಟು ಬರೆಯಿರಿ.

ಮುಂದಿನ ವಾರ ಅದೇ ಹೊತ್ತಿಗೆ ಅದೇ ಹುಲ್ಲಂಚಿಗೆ ಮತ್ತೆ ಬನ್ನಿ. ಕುಂಡೆಕುಸ್ಕ ಕಾಣದಿದ್ದರೆ ಆ ತಾರೀಖನ್ನೂ ಬರೆದಿಡಿ.