ಹುಲ್ಲಿನ ಪರಾಗ ಹಾಸಿಗೆ ಹತ್ತದಂತೆ

ಮಲೆನಾಡಿನಲ್ಲಿ ಮಳೆ ಇಳಿಮುಖವಾಗುತ್ತಿದ್ದಂತೆ ಬೇಲಿ, ಬ್ಯಾಣದ (ಹುಲ್ಲುಗಾವಲಿನ) ಹುಲ್ಲೆಲ್ಲ ತೆನೆ ಬಿಡುತ್ತದೆ. ಗದ್ದೆಯಲ್ಲಿ ಭತ್ತವೂ ಹೂವಾಗುತ್ತದೆ, ಅದೂ ಹುಲ್ಲಿನ ಜಾತಿಯೇ. ಮನೆಯೊಳಗೆ ಮಳೆಗಾಲದ ಥಂಡಿಗೆ ಹೆಚ್ಚಿದ ನುಸಿ (ಹಾಸಿಗೆ, ಧೂಳಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ), ಬೂಷ್ಟು ಬೇರೆ. ಸಾಲು ಸೀನು, ಕಣ್ಣುತುರಿಕೆ ಶುರುವಾಗುವುದು ಆಗ.

ಮೊದಲು ಅಂಗಳ. ತೆನೆ ಮೂಡುವ ಮುಂಚೆಯೇ ಹುಲ್ಲು ಸವರಿಸಿ. ತಡವಾದರೆ ನೆಲ ಒದ್ದೆಯಿರುವಾಗ ಸವರಿಸಿ, ಅಲರ್ಜಿ ಇದ್ದವರ ಕೈಗೆ ಮಾತ್ರ ಮೆಷಿನ್ ಕೊಡಬೇಡಿ. ಕಾಂಗ್ರೆಸ್ ಗಿಡವನ್ನು ಹೂವಿಗೆ ಮೊದಲೇ ಕೈಗವಸು ಹಾಕಿಕೊಂಡು ಬುಡಸಮೇತ ಕೀಳಿ.

ಕಿಟಕಿ ಬೆಳಗಿನಿಂದ ಮಧ್ಯಾಹ್ನದವರೆಗೆ ಮುಚ್ಚಿರಲಿ. ಚಿತ್ತೆ, ಸ್ವಾತಿ ಮಳೆ ಗುಡುಗಿನೊಂದಿಗೆ ಬಂದಾಗಲೂ ಅಷ್ಟೆ: ಪರಾಗದ ಕಣ ನೀರು ಕುಡಿದು ಒಡೆದು, ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸಣ್ಣ ಚೂರಾಗುತ್ತದೆ. ತೋಟ, ಗದ್ದೆಯಿಂದ ಬಂದವರು ಬಟ್ಟೆ ಬದಲಿಸಿ, ತಲೆ ತೊಳೆದೇ ಮಲಗಬೇಕು.

ಹೆಚ್ಚಿನವರು ಎಡವುವುದು ಹಾಸಿಗೆಯಲ್ಲಿ. ದೀಪಾವಳಿಯ ಹೊತ್ತಿಗೆ ಬಿಸಿಲು ಕಂಡದ್ದೇ ತಡ, ಹತ್ತಿ ಹಾಸಿಗೆ, ಕಂಬಳಿ ಎಲ್ಲ ಅಂಗಳಕ್ಕೆ ಬರುತ್ತವೆ. ಪರಾಗ ಹಾರುವ ಹೊತ್ತೂ ಅದೇ. ಸಂಜೆ ಅದನ್ನೇ ಮಡಚಿ ಒಳಗೆ ತಂದರೆ ರಾತ್ರಿಯೆಲ್ಲ ಮೂಗಿನಡಿಯೇ ಪರಾಗ. ಬಿಸಿಲಿಗೆ ಮೇಲ್ಪದರ ಬಿಸಿಯಾದರೆ ನುಸಿ ಒಳಕ್ಕೆ ಸರಿಯುತ್ತದೆ, ಸತ್ತರೂ ಅದರ ಹಿಕ್ಕೆ ಉಳಿಯುತ್ತದೆ, ಅಲರ್ಜಿ ತರುವುದು ಮುಖ್ಯವಾಗಿ ಆ ಹಿಕ್ಕೆಯೇ. ಕೋಲಿನಿಂದ ಬಡಿದರೆ ಅಷ್ಟೂ ಬಡಿಯುವವರ ಮುಖಕ್ಕೆ. ಅಡಿಕೆ ಒಣಗಿಸುವ ಪಾರದರ್ಶಕ ಶೀಟಿನ ಗೂಡು ಖಾಲಿಯಿದ್ದರೆ, ನೆಲ ಒರೆಸಿ ಅಲ್ಲೇ ಒಣಗಿಸಿ. ಇಲ್ಲದಿದ್ದರೆ ಹಳೇ ಬೆಡ್‌ಶೀಟ್ ಪೂರ್ತಿ ಹೊದಿಸಿ ಬಿಸಿಲಿಗಿಟ್ಟು, ಒಳಗೆ ತರುವ ಮೊದಲು ಹೊದಿಕೆಯನ್ನು ಹೊರಗೇ ಮಡಚಿ ತೊಳೆಯಲು ಹಾಕಿ.

ನುಸಿ ಸಾಯಲು ಬೆಡ್‌ಶೀಟ್, ದಿಂಬಿನ ಕವರಿಗೆ ವಾರಕ್ಕೊಮ್ಮೆ 60 ಡಿಗ್ರಿ ನೀರು ಬೇಕು, ಉಗುರುಬೆಚ್ಚಗೆ ಸಾಲದು. ಬಚ್ಚಲೊಲೆ ಇದ್ದವರಿಗೆ ಸುಲಭ: ಹಂಡೆಯಲ್ಲಿ ಕುದಿಯುವ ನೀರು ಮೂರು ಪಾಲು, ತಣ್ಣೀರು ಎರಡು ಪಾಲು ಬೆರೆಸಿದರೆ ಸುಮಾರು 70 ಡಿಗ್ರಿ; ಬಟ್ಟೆ ಬಿದ್ದಾಗ 60ರ ಆಸುಪಾಸಿಗೆ ಇಳಿಯುತ್ತದೆ. ಕೋಲಿನಿಂದ ಮುಳುಗಿಸಿ, ಮುಚ್ಚಿ ಅರ್ಧ ತಾಸು ಬಿಡಿ, ಆಮೇಲೆ ಒಗೆಯಿರಿ. ಬಣ್ಣ ಬಿಡುವ ಬಟ್ಟೆ ಬೇರೆ ಇರಲಿ. ಒಣಗಿಸುವುದು ಮಾಡಿನಡಿ. ಹಳೇ ಬೂರುಗದ ಹತ್ತಿ ದಿಂಬು ಪುಡಿ ಉದುರಿಸುತ್ತಿದ್ದರೆ ಎಸೆದುಬಿಡಿ, ಕವರ್ ಮೇಲೆ ಕವರ್ ಹಾಕಿ ಉಳಿಸಿಕೊಳ್ಳಬೇಡಿ. ಹೊಸದಕ್ಕೆ ಒತ್ತು ನೇಯ್ಗೆಯ ಜಿಪ್ ಕವರ್ ಹಾಕಿ, ಪ್ಲಾಸ್ಟಿಕ್‌ದು ಬೆವರಿಸುತ್ತದೆ.

ನೆಲಕ್ಕೆ ಒದ್ದೆ ಬಟ್ಟೆ. ಒಣ ಪೊರಕೆ ಈ ತಿಂಗಳುಗಳಲ್ಲಿ ಬೇಡ.

ಗೋಡೆಯ ಬೂಷ್ಟಿಗೆ ಸೋಪಿನ ನೀರು, ಬ್ರಷ್ಷು ಸಾಕು, ಆದರೆ ನೀರು ಜಿನುಗುವ ಹಂಚು ಸರಿಮಾಡಿಸದಿದ್ದರೆ ತಿಂಗಳೊಳಗೆ ಮತ್ತೆ ಹಾಜರು. ಬ್ಲೀಚ್ ಬಳಸುವವರು ಅದಕ್ಕೆ ಟಾಯ್ಲೆಟ್ ಕ್ಲೀನರ್ ಬೆರೆಸಲೇಬಾರದು, ವಿಷಾನಿಲ ಬರುತ್ತದೆ.

ರೂಮ್ ಫ್ರೆಶ್ನರ್, ಲೋಬಾನದ ಹೊಗೆ ಗಾಳಿ ಶುದ್ಧ ಮಾಡುವುದಿಲ್ಲ, ಮೂಗನ್ನು ಇನ್ನಷ್ಟು ಕೆರಳಿಸುತ್ತವೆ. ಏರ್ ಪ್ಯೂರಿಫೈಯರ್ ಕೊಳ್ಳುವುದಾದರೆ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ (HEPA) ಫಿಲ್ಟರ್ ಇರುವುದನ್ನೇ ಕೊಳ್ಳಿ. ಓಝೋನ್ ಬಿಡುವ ಯಂತ್ರವನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಒಂದೇ ಯಂತ್ರವಿದ್ದರೆ ಅದು ಮಲಗುವ ಕೋಣೆಗೆ, ಬಾಗಿಲು ಹಾಕಿಕೊಂಡು. ಹಂಚಿನ ಮನೆಯ ತೆರೆದ ಜಗಲಿಯಲ್ಲಿಟ್ಟರೆ ಕರೆಂಟು ದಂಡ.